ಚಿತ್ರ ಬಿಡಿಸಲು ಶುರು ಮಾಡಿದ್ದೇನೆ: ಪೆನ್ಸಿಲ್ಲಾ, ಇದ್ದಿಲಾ, ಬಣ್ಣವಾ?

ಕಾಳಿದಂಡೆ (ಕಾರವಾರ)
ಎಲ್ಲರಿಗೂ ನಮಸ್ಕಾರ. ಶಾಲೆ ಬಿಟ್ಟ ಮೇಲೆ ಚಿತ್ರದ ಕಡೆ ತಲೆ ಹಾಕಿರಲಿಲ್ಲ. ಈಗ ಮಗಳು ಶಾಲೆಗೆ ಹೋದ ಮೇಲೆ ಸ್ವಲ್ಪ ಬಿಡುವು ಸಿಗುತ್ತದೆ, ಮತ್ತೆ ಶುರು ಮಾಡಿದ್ದೇನೆ. ಯಾವ ಸಾಮಾನು ಹಿಡಿದು ಕೂರಬೇಕು ಅನ್ನುವುದೇ ತಲೆಬಿಸಿ. ಪೆನ್ಸಿಲ್‌ನಲ್ಲಿ ಶೇಡ್ ಮಾಡಿದರೆ ಕಪ್ಪು ಬರುವುದಿಲ್ಲ, ಬೂದುಬಣ್ಣಕ್ಕೆ ಮಿರಮಿರ ಹೊಳೆಯುತ್ತದೆ. ಚಾರ್ಕೋಲ್ ಪೆನ್ಸಿಲ್ ತಂದೆ, ಕಪ್ಪೇನೋ ಚೆನ್ನಾಗಿ ಬಂತು, ಆದರೆ ಇಲ್ಲಿನ ಸೆಕೆಗೆ ಕೈ ಬೆವರಿ ಅರ್ಧ ಚಿತ್ರ ಅಂಗೈಗೆ ಅಂಟಿತು. ವಾಟರ್ ಕಲರ್ ಹಚ್ಚಿದರೆ ಹಾಳೆ ಸುಟ್ಟ ಹಪ್ಪಳದ ಹಾಗೆ ಸುರುಟಿಕೊಳ್ಳುತ್ತದೆ.

ಯೂಟ್ಯೂಬ್‌ನಲ್ಲಿ ಒಬ್ಬೊಬ್ಬರದು ಒಂದೊಂದು ಮಾತು. ಒಬ್ಬರು 24 ಪೆನ್ಸಿಲ್ಲಿನ ಡಬ್ಬ ತೋರಿಸುತ್ತಾರೆ, ಇನ್ನೊಬ್ಬರು ಒಂದೇ ಸಾಕು ಅನ್ನುತ್ತಾರೆ. ಇನ್ನೇನು ಮಳೆಗಾಲ ಬೇರೆ ಬಂತು. ಯಾವುದನ್ನು ಹಿಡಿಯಲಿ, ಯಾವುದನ್ನು ಬಿಡಲಿ?

ಬೈತಖೋಲ್ ಬಂಗಡೆ
ಬಾಲ್ ಪೆನ್ನು. ಮುಗಿಯಿತು.

ಕರಿಇಶಾಡ (ಅಂಕೋಲಾ)
ಇದೆಂಥಾ ಉತ್ತರ ಮಾರಾಯ್ರೆ. ಅವರು ಮೂರು ಸಾಮಾನಿನ ಬಗ್ಗೆ ಕೇಳಿದರೆ ನೀವು ನಾಲ್ಕನೆಯದು ತಂದಿಟ್ಟಿರಿ.

ಬೈತಖೋಲ್ ಬಂಗಡೆ
ತಮಾಷೆ ಅಲ್ಲ ಸಾರ್, ನಿಜವಾಗಿಯೇ ಹೇಳಿದ್ದು. ಹತ್ತು ರೂಪಾಯಿ ಪೆನ್ನು, ಯಾವ ಗೂಡಂಗಡಿಯಲ್ಲಾದರೂ ಸಿಗುತ್ತದೆ. ಅದರ ಇಂಕಿನಲ್ಲಿ ಇರುವುದು ಎಣ್ಣೆ, ಹಾಗಾಗಿ ಬೆವರು ತಾಗಿದರೂ ಮಳೆಹನಿ ಬಿದ್ದರೂ ಜಗ್ಗುವುದಿಲ್ಲ. ಹಗುರ ಒತ್ತಿದರೆ ಪೆನ್ಸಿಲ್ಲಿನಷ್ಟೇ ತೆಳು ಗೆರೆ, ಒಂದರ ಮೇಲೊಂದು ಅಡ್ಡ ಉದ್ದ ಗೀಟು ಹಾಕುತ್ತ ಹೋದರೆ ಗಟ್ಟಿ ಕಪ್ಪು. ಅಳಿಸಲಿಕ್ಕೆ ಬರುವುದಿಲ್ಲವಲ್ಲ, ಅದೇ ಲಾಭ. ಗೆರೆ ಎಳೆಯುವ ಮುಂಚೆ ಎದುರಿಗಿರುವ ವಸ್ತುವನ್ನು ಸರಿಯಾಗಿ ನೋಡುತ್ತೀರಿ. ರಬ್ಬರ್ ಪಕ್ಕದಲ್ಲಿದ್ದರೆ ಅರ್ಧ ಹೊತ್ತು ತಿಕ್ಕುವುದರಲ್ಲೇ ಹೋಗುತ್ತದೆ.

ಹಳೇ ಮಾಸ್ತರು (ಕುಮಟಾ)
ಬಂಗಡೆಯವರು ಹೇಳಿದ್ದರಲ್ಲಿ ಅರ್ಧ ನಿಜ. ಬಾಲ್ ಪೆನ್ನಿನ ಇಂಕು ಬಿಸಿಲಿಗೆ ಬೇಗ ಮಾಸುತ್ತದೆ, ಗೋಡೆಗೆ ತೂಗುಹಾಕುವ ಚಿತ್ರಕ್ಕೆ ಬೇಡ. ಅಭ್ಯಾಸಕ್ಕೆ ಅಡ್ಡಿಯಿಲ್ಲ.

ತಂಗಿ, ಪೆನ್ಸಿಲ್ ಹೊಳೆಯುವುದಕ್ಕೆ ನಿಮ್ಮ ಕೈಯನ್ನು ದೂರಬೇಡಿ. ಗ್ರಾಫೈಟ್‌ನ ಗುಣವೇ ಅದು. ಅದರ ಕಣಗಳು ಚಪ್ಪಟೆ. ಒತ್ತಿ ಒತ್ತಿ ತಿಕ್ಕಿದರೆ ಎಲ್ಲ ಒಂದೇ ಮಗ್ಗುಲಿಗೆ ಮಲಗುತ್ತವೆ, ಬೆಳಕು ಬಿದ್ದರೆ ಹೊಳೆಯುತ್ತವೆ. ನಿಮ್ಮ ಹತ್ತಿರ ಇರುವುದು ಬರೆಯುವ ಎಚ್‌ಬಿ ಇರಬೇಕು. ಅದರಲ್ಲಿ ಎಷ್ಟು ಒತ್ತಿದರೂ ಹಾಳೆ ತಗ್ಗಾಗುತ್ತದೆಯೇ ಹೊರತು ಕಪ್ಪು ಹುಟ್ಟುವುದಿಲ್ಲ. ಪೆನ್ಸಿಲ್ ಕಡ್ಡಿ ಅಂದರೆ ಗ್ರಾಫೈಟ್ ಪುಡಿಗೆ ಜೇಡಿಮಣ್ಣು ಸೇರಿಸಿ ಸುಟ್ಟದ್ದು. ಮಣ್ಣು ಜಾಸ್ತಿ ಇದ್ದರೆ ಕಡ್ಡಿ ಗಟ್ಟಿ, ಗೆರೆ ತೆಳು. ಅದು ಎಚ್ ಸಾಲು. ಗ್ರಾಫೈಟ್ ಜಾಸ್ತಿ ಇದ್ದರೆ ಮೆತ್ತಗೆ, ಕಪ್ಪು. ಅದು ಬಿ ಸಾಲು. ಯುದ್ಧದಿಂದಾಗಿ ಇಂಗ್ಲೆಂಡಿನ ಗ್ರಾಫೈಟ್ ಬರುವುದು ನಿಂತಾಗ ಫ್ರಾನ್ಸಿನ ಕಾಂಟೆ ಎನ್ನುವವನು 1795ರಲ್ಲಿ ಈ ಹದ ತಂದ. ಇವತ್ತಿಗೂ ಅದೇ ನಡೆದಿದೆ.

ನಿಮಗೆ ಬೇಕಾದದ್ದು ಎಚ್‌ಬಿ, 2ಬಿ, 6ಬಿ, ಮೂರೇ. ಮೊದಲು ಒಂದು ಉದ್ದ ಪಟ್ಟಿ ಬರೆದು ಐದು ಮನೆ ಮಾಡಿ. ಒಂದು ಕಡೆ ಖಾಲಿ ಹಾಳೆಯ ಬಿಳುಪು, ಇನ್ನೊಂದು ತುದಿಗೆ 6ಬಿಯ ಕಡುಕಪ್ಪು, ನಡುವೆ ಮೂರು ಮೆಟ್ಟಿಲು. ಆಮೇಲೆ ಒಂದು ತೆಂಗಿನಕಾಯಿಯನ್ನು ಕಿಟಕಿ ಪಕ್ಕ ಇಟ್ಟು ಕಣ್ಣು ಕಿರಿದು ಮಾಡಿ ನೋಡಿ. ಜುಂಗು, ಗೀರು, ಮೂರು ಕಣ್ಣು ಎಲ್ಲ ಮಾಯವಾಗಿ ಬೆಳಕು, ನೆರಳು ಮಾತ್ರ ಉಳಿಯುತ್ತದೆ. ಯಾವ ಭಾಗ ಪಟ್ಟಿಯ ಯಾವ ಮನೆಗೆ ಹೊಂದುತ್ತದೆ ಅಂತ ಗುರುತಿಸಿ ಅಷ್ಟೇ ತುಂಬಿ. ಒತ್ತಬೇಡಿ, ಪದರ ಮೇಲೆ ಪದರ ಹಾಕಿ.

ಇನ್ನು ಹಾಳೆ ಸುರುಟುವುದು. ಜೆರಾಕ್ಸ್ ಹಾಳೆ 70, 80 ಜಿಎಸ್‌ಎಂ ಇರುತ್ತದೆ. ಅಂದರೆ ಒಂದು ಚದರ ಮೀಟರ್ ಹಾಳೆ ಅಷ್ಟು ಗ್ರಾಂ ತೂಗುತ್ತದೆ. ಅದಕ್ಕೆ ನೀರು ತಾಗಿಸಲೇಬಾರದು. ಪೆನ್ಸಿಲ್ ಶೇಡಿಂಗ್‌ಗೆ 150ರ ಆಸುಪಾಸಿನ, ಸ್ವಲ್ಪ ತರಿತರಿ ಇರುವ ಹಾಳೆ. ವಾಟರ್ ಕಲರ್‌ಗೆ 300 ಜಿಎಸ್‌ಎಂ, ಅದನ್ನೂ ನಾಲ್ಕು ಬದಿ ಮಾಸ್ಕಿಂಗ್ ಟೇಪ್ ಹಚ್ಚಿ ಹಲಗೆಗೆ ಅಂಟಿಸಿಕೊಂಡು. ದುಡ್ಡು ಉಳಿಸುವುದಾದರೆ ಬಣ್ಣದಲ್ಲಿ ಉಳಿಸಿ, ಹಾಳೆಯಲ್ಲಿ ಬೇಡ.

ಭಟ್ಕಳ ಮಲ್ಲಿಗೆ
ಮಾಸ್ತರೇ, ಐದು ಮನೆ ಪಟ್ಟಿ ಅಂದ ಕೂಡಲೇ ನನಗೆ ಲೋವರ್ ಗ್ರೇಡ್ ಡ್ರಾಯಿಂಗ್ ಪರೀಕ್ಷೆ ನೆನಪಾಗಿ ಬೆವರು ಬಂತು 😀 ಅಕ್ಕ, ನಾನು ಹೇಳುವುದು ಬೇರೆ. ಎಲ್ಲವನ್ನೂ ಮುಟ್ಟಿ ನೋಡಿ. ಡಬ್ಬಗಟ್ಟಲೆ ತರಬೇಡಿ, ಬಿಡಿ ಬಿಡಿ ತನ್ನಿ. ಒಂದು 6ಬಿ, ಆಯಿಲ್ ಪೇಸ್ಟಲ್‌ನ (ಮೇಣದಂಥ ಬಣ್ಣದ ಕಡ್ಡಿ) ಚಿಕ್ಕ ಪೆಟ್ಟಿಗೆ, ಪೋಸ್ಟರ್ ಕಲರ್‌ನಲ್ಲಿ ಬಿಳಿ ಮತ್ತು ಕಪ್ಪು. ಕೈಗೆ ಯಾವುದು ಒಗ್ಗುತ್ತದೆ ಅನ್ನುವುದು ಬೇರೆಯವರು ಹೇಳಿ ಗೊತ್ತಾಗುವ ವಿಷಯ ಅಲ್ಲ. ನನಗೆ ಪೆನ್ಸಿಲ್ ಅಂದರೆ ಬೇಜಾರು. ಆಯಿಲ್ ಪೇಸ್ಟಲ್ ಕೈಗೆ ಬಂದ ಮೇಲೆ ಊಟದ ಹೊತ್ತು ಮರೆಯುವಷ್ಟು ಕೂತಿದ್ದಿದೆ. ಕಡು ಬಣ್ಣದ ಕಾಗದ ಸಿಕ್ಕರೆ ಅದರ ಮೇಲೆ ಪೇಸ್ಟಲ್ ಹಚ್ಚಿ ನೋಡಿ. ಕಪ್ಪು ಹಾಳೆ ಮೇಲೆ ರಾತ್ರಿ ಸಮುದ್ರದಲ್ಲಿ ದೋಣಿಗಳ ದೀಪ ಬರೆದರೆ ಅರ್ಧ ಕೆಲಸ ಹಾಳೆಯೇ ಮಾಡಿಕೊಡುತ್ತದೆ.

ಬೈತಖೋಲ್ ಬಂಗಡೆ
ಹೀಗೆ ಮುಟ್ಟಿ ಮುಟ್ಟಿ ನೋಡಿ ಕಡೆಗೆ ಕಪಾಟು ತುಂಬುತ್ತದೆ, ಪುಸ್ತಕ ತುಂಬುವುದಿಲ್ಲ.

ಭಟ್ಕಳ ಮಲ್ಲಿಗೆ
ನಿಮ್ಮ ಕಪಾಟಿನಲ್ಲಿ ಎಷ್ಟು ಗಾಳ ಇದೆ ಅಂತ ಮೊದಲು ಹೇಳಿ.

ಬೈತಖೋಲ್ ಬಂಗಡೆ
ಅದು ಬೇರೆ ವಿಷಯ.

ಗಾಳಿಮರ (ದೇವಬಾಗ)
ನೀವೆಲ್ಲ ಪೆನ್ಸಿಲ್ ನಂಬರ್ ಹಿಡಿದುಕೊಂಡು ಜಗಳ ಆಡುತ್ತಿದ್ದೀರಿ. ಅವರು ಮಳೆಗಾಲ ಅಂದದ್ದನ್ನು ಯಾರೂ ಓದಿಲ್ಲ. ಯೂಟ್ಯೂಬ್‌ನಲ್ಲಿ ಎಸಿ ಕೋಣೆಯಲ್ಲಿ ಕೂತವರು ಹೇಳುವ ಲೆಕ್ಕ ನಮ್ಮ ಜೂನ್, ಜುಲೈಗೆ ಹೊಂದುವುದಿಲ್ಲ. ಇಲ್ಲಿ ಪೆನ್ಸಿಲ್‌ಗಿಂತ ದೊಡ್ಡ ತೊಂದರೆ ಹಾಳೆ. ಗಾಳಿಯ ತೇವಕ್ಕೇ ಹಾಳೆ ಮೆತ್ತಗಾಗಿ ಕೂತಿರುತ್ತದೆ, ಗಟ್ಟಿ ಪೆನ್ಸಿಲ್ ಹಿಡಿದರೆ ಗೆರೆ ಒಳಗೆ ಇಳಿಯುತ್ತದೆ, ರಬ್ಬರ್ ಹಾಕಿದರೆ ನಾರು ಏಳುತ್ತದೆ. ವಾಟರ್ ಕಲರ್ ಹಾಳೆಗೆ ಬಣ್ಣ ತಕ್ಷಣ ಹೀರದಂತೆ ಅಂಟಿನ ಲೇಪ ಕೊಟ್ಟಿರುತ್ತಾರೆ. ತೇವದಲ್ಲಿ ತಿಂಗಳುಗಟ್ಟಲೆ ಇಟ್ಟರೆ ಆ ಲೇಪ ಅಲ್ಲಲ್ಲಿ ಸೋಲುತ್ತದೆ. ಬಣ್ಣ ಹಚ್ಚಿದಾಗ ಕೆಲವು ಕಡೆ ಚುಕ್ಕಿ ಚುಕ್ಕಿಯಾಗಿ ಕಪ್ಪಾಗಿ ಇಳಿಯುತ್ತದಲ್ಲ, ಅದು ಬಣ್ಣದ ತಪ್ಪಲ್ಲ.

ನಾನು ಮಾಡುವುದು ಇಷ್ಟು. ಹಾಳೆಗಳನ್ನು ಬಿಗಿ ಮುಚ್ಚಳದ ಪ್ಲಾಸ್ಟಿಕ್ ಡಬ್ಬದಲ್ಲಿ ಅಡ್ಡಕ್ಕೆ ಮಲಗಿಸಿ ಇಡುತ್ತೇನೆ. ಚಪ್ಪಲಿ, ಬ್ಯಾಗಿನ ಜೊತೆ ಬರುವ ಸಿಲಿಕಾ ಜೆಲ್ ಪೊಟ್ಟಣ ಎಸೆಯದೆ ಅದರೊಳಗೆ ಹಾಕುತ್ತೇನೆ. ಬೇಕಾದಷ್ಟು ಹಾಳೆ ಮಾತ್ರ ಹೊರಗೆ ತೆಗೆಯುವುದು. ಗೋಡೆಗೆ ತಾಗಿಸಿ ಏನೂ ಇಡುವುದಿಲ್ಲ, ಮಳೆಗಾಲದಲ್ಲಿ ಗೋಡೆಯೇ ಬೆವರುತ್ತದೆ. ಬಣ್ಣದ ಕೇಕನ್ನು ಒದ್ದೆ ಇರುವಾಗ ಮುಚ್ಚಿಟ್ಟರೆ ನಾಲ್ಕು ದಿನಕ್ಕೆ ಮೇಲೆ ಬೂಸ್ಟು. ಫ್ಯಾನಿನ ಕೆಳಗೆ ಆರಿಸಿ ಆಮೇಲೆ ಮುಚ್ಚಬೇಕು. ಒಂದು ಹನಿ ಲವಂಗದ ಎಣ್ಣೆ ಹಾಕುವವರೂ ಇದ್ದಾರೆ, ಬೂಸ್ಟು ತಡೆಯುತ್ತದೆ. ಜೇನು ಹಾಕಿ ಮಾಡಿದ ಬಣ್ಣ ಮಾತ್ರ ಇಲ್ಲಿನ ಮಳೆಗಾಲಕ್ಕೆ ತರಬೇಡಿ, ಆರುವುದೇ ಇಲ್ಲ, ಅಂಟು ಅಂಟು.

ಕಾಳಿದಂಡೆ (ಕಾರವಾರ)
ಗಾಳಿಮರ ಅವರೇ, ಚುಕ್ಕಿ ಚುಕ್ಕಿ ಅಂದಿರಲ್ಲ, ಅದೇ! ಕಳೆದ ವರ್ಷ ತಂದಿಟ್ಟ ಪ್ಯಾಡ್‌ನಲ್ಲಿ ಹಾಗೇ ಆಗುತ್ತಿದೆ. ಆಕಾಶ ಹಚ್ಚಿದರೆ ಸಿಡುಬು ಬಂದ ಹಾಗೆ. ಅದನ್ನು ಎಸೆಯಬೇಕಾ?

ಗಾಳಿಮರ (ದೇವಬಾಗ)
ಎಸೆಯಬೇಡಿ. ನೀರು ಬೇಡದ ಕೆಲಸಕ್ಕೆ ಇಟ್ಟುಕೊಳ್ಳಿ. ಪೇಸ್ಟಲ್‌ಗೆ, ಇದ್ದಿಲಿಗೆ ಆ ಹಾಳೆ ಚೆನ್ನಾಗಿಯೇ ಇರುತ್ತದೆ.

ಹೊನ್ನಾವರ ಪ್ಯಾಸೆಂಜರ್
ನಡುವೆ ಬಾಯಿ ಹಾಕುತ್ತಿದ್ದೇನೆ, ಕ್ಷಮಿಸಿ. ನನಗೆ 54. ಕೈ ಸ್ವಲ್ಪ ನಡುಗುತ್ತದೆ. ಈ ವಯಸ್ಸಿನಲ್ಲಿ ಶುರು ಮಾಡಿ ಏನಾದರೂ ಬಂದೀತಾ, ಇಲ್ಲಾ ಸುಮ್ನೆ ಹಾಳೆ ದಂಡವಾ?

ಕರಿಇಶಾಡ (ಅಂಕೋಲಾ)
ಸಾರ್, ಕಾರವಾರದ ಬೀಚಿಗೆ ಯಾರ ಹೆಸರಿಟ್ಟಿದ್ದಾರೆ? ರವೀಂದ್ರನಾಥ ಟಾಗೋರರ ಅಣ್ಣ ಸತ್ಯೇಂದ್ರನಾಥರು ಇಲ್ಲಿ ಜಡ್ಜ್ ಆಗಿದ್ದರು. 1880ರ ದಶಕದಲ್ಲಿ ರವೀಂದ್ರರು ಬಂದು ಉಳಿದುಕೊಂಡಾಗ ಇನ್ನೂ ಇಪ್ಪತ್ತು ದಾಟಿದ ಹುಡುಗ, ಬರೆದದ್ದು ನಾಟಕ. ಚಿತ್ರಕ್ಕೆ ಗಟ್ಟಿಯಾಗಿ ಕೈ ಹಾಕಿದ್ದು ಅರವತ್ತು ದಾಟಿದ ಮೇಲೆ. ಹಸ್ತಪ್ರತಿಯಲ್ಲಿ ಹೊಡೆದುಹಾಕಿದ ಸಾಲುಗಳನ್ನು ಸೇರಿಸಿ ಸೇರಿಸಿ ಹಕ್ಕಿ, ಮುಖ ಮಾಡುತ್ತಿದ್ದರು, ಅದೇ ಬೆಳೆಯಿತು. 1930ರಲ್ಲಿ ಪ್ಯಾರಿಸ್‌ನಲ್ಲಿ ಪ್ರದರ್ಶನ ಆಯಿತು. ನಿಮಗೆ ಇನ್ನೂ ಟೈಮಿದೆ.

ಹೊನ್ನಾವರ ಪ್ಯಾಸೆಂಜರ್
ಅವರು ಟಾಗೋರ್, ನಾನು ಪ್ಯಾಸೆಂಜರ್. ಆದರೂ ಧೈರ್ಯ ಬಂತು, ಥ್ಯಾಂಕ್ಸ್.

ಹಳೇ ಮಾಸ್ತರು (ಕುಮಟಾ)
ನಡುಗುವ ಕೈಗೆ ಒಂದು ಉಪಾಯ. ಮಣಿಕಟ್ಟಿನಿಂದ ಬರೆಯಬೇಡಿ, ಭುಜದಿಂದ ಬರೆಯಿರಿ. ದೊಡ್ಡ ಹಾಳೆ, ಹಲಗೆಯನ್ನು ಓರೆ ಇಟ್ಟುಕೊಂಡು, ಪೆನ್ಸಿಲ್ಲನ್ನು ಮೊನೆಯಿಂದ ದೂರ, ಹಿಂದೆ ಹಿಡಿದು. ಗೆರೆ ಸ್ವಲ್ಪ ಅಲುಗಿದರೆ ಅಲುಗಲಿ. ಸ್ಕೇಲ್ ಇಟ್ಟ ಹಾಗಿರುವ ಗೆರೆಗಿಂತ ಅದರಲ್ಲಿ ಜೀವ ಇರುತ್ತದೆ. ಉಡುಪಿ ಹತ್ತಿರದ ಕಟ್ಟಿಂಗೇರಿಯ ಕೆ. ಕೆ. ಹೆಬ್ಬಾರರ ರೇಖಾಚಿತ್ರ ಸಿಕ್ಕರೆ ನೋಡಿ. ನರ್ತಕಿಯ ಇಡೀ ಮೈ ಕೆಲವೇ ಗೆರೆಯಲ್ಲಿ ಮುಗಿಯುತ್ತದೆ. ಗೆರೆ ಎಲ್ಲಿ ದಪ್ಪ, ಎಲ್ಲಿ ಸಪುರ, ಎಲ್ಲಿ ಬಿಟ್ಟುಬಿಟ್ಟಿದ್ದಾರೆ ಅಂತ ಬೆರಳಿಟ್ಟು ಹಿಂಬಾಲಿಸಿ.

ಸೋಂದಾ ಸೂಜಿಮಲ್ಲಿಗೆ
ಇದ್ದಿಲಿನ ಬಗ್ಗೆ ಯಾರೂ ಸರಿಯಾಗಿ ಹೇಳಿಲ್ಲ. ಚಾರ್ಕೋಲ್ ಪೆನ್ಸಿಲ್‌ನಲ್ಲಿರುವುದು ಪುಡಿಗೆ ಅಂಟು ಸೇರಿಸಿ ಒತ್ತಿದ ಇದ್ದಿಲು. ಕಡುಕಪ್ಪು, ಅಳಿಸುವುದು ಕಷ್ಟ. ಕಡ್ಡಿ ಇದ್ದಿಲು ಬೇರೆ, ಹಗುರ, ಬಟ್ಟೆಯಲ್ಲಿ ಹೊಡೆದರೆ ಹಾರಿಹೋಗುತ್ತದೆ. ಕಲಿಯುವವರಿಗೆ ಅದೇ ಒಳ್ಳೆಯದು. ಮೈಸೂರು ಶೈಲಿಯ ಚಿತ್ರಗಾರರು ಹುಣಸೆ ಕಡ್ಡಿಯನ್ನು ಕಬ್ಬಿಣದ ಕೊಳವೆಯಲ್ಲಿ ಸುಟ್ಟು ಮಾಡಿದ ಇದ್ದಿಲಿನಲ್ಲೇ ಮೊದಲ ನಕ್ಷೆ ಬರೆಯುತ್ತಿದ್ದರು. ಮನೆಯಲ್ಲೂ ಆಗುತ್ತದೆ. ಪೆನ್ಸಿಲ್ ದಪ್ಪದ ಒಣಗಿದ ಹುಣಸೆ ಕಡ್ಡಿ ತೊಗಟೆ ಕೆರೆದು ತಗಡಿನ ಡಬ್ಬಕ್ಕೆ ಒತ್ತಾಗಿ ತುಂಬಿ, ಮುಚ್ಚಳಕ್ಕೆ ಮೊಳೆಯಿಂದ ಒಂದು ತೂತು ಮಾಡಿ, ಬಚ್ಚಲೊಲೆ ಕೆಂಡದಲ್ಲಿ ಇಡಿ. ತೂತಿನಿಂದ ಮೊದಲು ಬಿಳಿ ಹೊಗೆ ಬರುತ್ತದೆ. ಹೊಗೆ ಪೂರ್ತಿ ನಿಂತ ಮೇಲೆ ಹೊರಗೆ ತೆಗೆದು ತಣ್ಣಗಾಗುವವರೆಗೆ ಮುಚ್ಚಳ ತೆಗೆಯಬಾರದು. ಬಿಸಿ ಇರುವಾಗ ತೆಗೆದರೆ ಗಾಳಿ ಸಿಕ್ಕಿ ಎಲ್ಲ ಬೂದಿ. ತೆಂಗಿನ ಚಿಪ್ಪಿನ ಇದ್ದಿಲು ಬೇಡ, ಗಟ್ಟಿ, ಹಾಳೆ ಗೀರುತ್ತದೆ.

ಕೈ ಕೆಳಗೆ ಯಾವಾಗಲೂ ಒಂದು ಚೂರು ಹಾಳೆ ಇಟ್ಟುಕೊಳ್ಳಿ. ಬಲಗೈಯವರಾದರೆ ಎಡ ಮೇಲ್ಮೂಲೆಯಿಂದ ಶುರು ಮಾಡಿ ಕೆಳಗೆ ಬನ್ನಿ. ಅರ್ಧ ತೊಂದರೆ ಅಲ್ಲೇ ಹೋಯಿತು. ಬೆರಳಿನಿಂದ ತಿಕ್ಕಿ ಹದ ಮಾಡಬೇಡಿ, ಬೆರಳಿನ ಜಿಡ್ಡು ಕಲೆಯಾಗಿ ನಿಲ್ಲುತ್ತದೆ. ಟಿಶ್ಯೂ ಸುರುಳಿ ಸಾಕು.

ಭಟ್ಕಳ ಮಲ್ಲಿಗೆ
ಇದ್ದಿಲು ಅಳಿಸಲು ಕಣಕದ ಹಾಗಿರುವ ಮೆತ್ತನೆ ರಬ್ಬರ್ ಬರುತ್ತದೆ. ಅದು ಸಿಗದಿದ್ದರೆ ಪಾವ್. ಒಳಗಿನ ಬಿಳಿ ತಿರುಳನ್ನು ಉಂಡೆ ಮಾಡಿ ಒತ್ತಿ ತೆಗೆಯುವುದು. ರಬ್ಬರ್ ಬರುವ ಮೊದಲು ಎಲ್ಲರೂ ಬ್ರೆಡ್ಡೇ ಬಳಸುತ್ತಿದ್ದದ್ದು.

ಬೈತಖೋಲ್ ಬಂಗಡೆ
ಕಾರವಾರದಲ್ಲಿ ಪಾವ್ ಕೈಗೆ ಬಂದ ಮೇಲೆ ಚಿತ್ರದವರೆಗೆ ತಲುಪುವುದಿಲ್ಲ, ಭಾಜಿಗೇ ಹೋಗುತ್ತದೆ.

ಗಾಳಿಮರ (ದೇವಬಾಗ)
ಪಾವ್ ಚೂರು ಹಾಳೆ ಮೇಲೆ ಉಳಿದರೆ ರಾತ್ರಿ ಇರುವೆ ಸಾಲು ಗ್ಯಾರಂಟಿ. ಚೆನ್ನಾಗಿ ಕೊಡವಿ.

ಕಾಳಿದಂಡೆ (ಕಾರವಾರ)
ಮುಗಿದ ಮೇಲೆ ಇದ್ದಿಲು ಉದುರದ ಹಾಗೆ ಹೇರ್ ಸ್ಪ್ರೇ ಹೊಡೆಯಬಹುದು ಅಂತ ಕೇಳಿದ್ದೆ, ಹೌದಾ?

ಸೋಂದಾ ಸೂಜಿಮಲ್ಲಿಗೆ
ಅಭ್ಯಾಸದ ಚಿತ್ರಕ್ಕೆ ನಡೆಯುತ್ತದೆ. ಬರುಬರುತ್ತ ಹಳದಿಗೆ ತಿರುಗುತ್ತದೆ. ಇಟ್ಟುಕೊಳ್ಳಬೇಕು ಅನ್ನಿಸಿದ್ದಕ್ಕೆ ಫಿಕ್ಸೆಟಿವ್ ತನ್ನಿ. ಯಾವುದೇ ಆದರೂ, ಒಂದು ಮೊಳ ದೂರದಿಂದ, ಹೊರಗೆ ಜಗುಲಿಯಲ್ಲಿ, ತೆಳ್ಳಗೆ ಎರಡು ಸಲ. ಹತ್ತಿರದಿಂದ ಹೊಡೆದರೆ ಗಾಳಿಯ ರಭಸಕ್ಕೆ ಇದ್ದಿಲೇ ಹಾರುತ್ತದೆ. ಮಳೆ ಹೊಯ್ಯುವ ದಿನ ಬೇಡ, ತೇವದಲ್ಲಿ ಹೊಡೆದರೆ ಮೇಲೆ ಬೆಳ್ಳಗೆ ಮಬ್ಬು ಕಟ್ಟುತ್ತದೆ.

ಹೊನ್ನಾವರ ಪ್ಯಾಸೆಂಜರ್
ಫೋಟೋ ಮೇಲೆ ಚೌಕ ಚೌಕ ಹಾಕಿ ನೋಡಿ ಬರೆಯುವುದು ಮೋಸವಾ? ನಮ್ಮ ಪರಿಚಯದವರೊಬ್ಬರು ಅದು ಚಿತ್ರವೇ ಅಲ್ಲ ಅಂದರು.

ಬೈತಖೋಲ್ ಬಂಗಡೆ
ಮೋಸವೇ.

ಹಳೇ ಮಾಸ್ತರು (ಕುಮಟಾ)
ಯಾಕೆ ಮೋಸ? ನಮ್ಮ ಕರಾವಳಿಯ ದೇವಸ್ಥಾನಗಳಲ್ಲಿ ಕಾವಿ ಚಿತ್ರ ನೋಡಿದ್ದೀರಲ್ಲ, ಶಿರಸಿ ಮಾರಿಕಾಂಬೆಯ ಗುಡಿಯಲ್ಲೂ ಇದೆ. ಸುಣ್ಣದ ಬಿಳಿ ಗಾರೆ, ಅದರ ಮೇಲೆ ಕೆಮ್ಮಣ್ಣಿನ ಕೆಂಪು ಪದರ. ಅದು ಹಸಿ ಇರುವಾಗಲೇ ಮೊನಚಾದ ಕಬ್ಬಿಣದ ಕಡ್ಡಿಯಿಂದ ಕೆರೆದು ತೆಗೆದರೆ ಅಡಿಯ ಬಿಳಿ ಕಾಣುತ್ತದೆ. ಕೆಂಪು, ಬಿಳಿ, ಎರಡೇ ಬಣ್ಣ. ಆ ಹೂವಿನ ಸುತ್ತುಗಳನ್ನು ಕೈವಾರ ಇಟ್ಟೇ ಎಳೆದದ್ದು. ಗಾರೆ ಒಣಗುವ ಮುಂಚೆ ಮುಗಿಸಬೇಕಾದವನಿಗೆ ಉಪಕರಣ ಬೇಕಾಗುತ್ತದೆ. ಅದನ್ನು ಮೋಸ ಅಂದರೆ ಆ ಗೋಡೆಗಳೆಲ್ಲ ಮೋಸವೇ. ಚೌಕ ಹಾಕಿ ಬರೆಯಿರಿ. ಆದರೆ ಅದೊಂದನ್ನೇ ಮಾಡಬೇಡಿ, ಕಣ್ಣಿಗೆ ಸೋಮಾರಿತನ ಬರುತ್ತದೆ.

ಬೈತಖೋಲ್ ಬಂಗಡೆ
ಸರಿ ಮಾಸ್ತರೇ, ಒಪ್ಪಿದೆ. ಆದರೂ ಬಂದರಿಗೆ ಬಂದು ಕೂತರೆ ಸಿಗುವುದು ಫೋಟೋದಲ್ಲಿ ಸಿಗುವುದಿಲ್ಲ. ದೋಣಿ ನಿಂತಲ್ಲಿ ನಿಲ್ಲುವುದಿಲ್ಲ, ನೀರು ಏರಿದ ಹಾಗೆ ಮೂತಿ ತಿರುಗಿಸುತ್ತದೆ. ನೀವು ಒಂದು ಬದಿ ಬರೆದು ಮುಗಿಸುವುದರೊಳಗೆ ಇನ್ನೊಂದು ಬದಿ ಕಾಣುತ್ತದೆ. ಹಾಗಾಗಿ ಮೊದಲು ಒಂದು ಉದ್ದ ಪೆಟ್ಟಿಗೆ ಬರೆದುಕೊಳ್ಳಿ, ನಿಮ್ಮ ಕಡೆಗೆ ಸ್ವಲ್ಪ ತಿರುಗಿದ ಹಾಗೆ. ಅದರೊಳಗೆ ಮೂತಿಯಿಂದ ಹಿಂಬದಿಯವರೆಗೆ ನಡು ಗೆರೆ. ಆ ಗೆರೆಯ ಎರಡೂ ಕಡೆ ಅಂಚಿನ ಬಾಗು. ಹತ್ತಿರದ ಅಂಚು ಜಾಸ್ತಿ ಬಾಗುತ್ತದೆ, ಆಚೆಯ ಅಂಚು ಕಡಿಮೆ. ಎಲ್ಲರೂ ಎರಡನ್ನೂ ಒಂದೇ ಥರ ಬಾಗಿಸುತ್ತಾರೆ, ಅದಕ್ಕೇ ದೋಣಿ ತೇಲುವುದಿಲ್ಲ, ಹಾಳೆಗೆ ಅಂಟಿಕೊಂಡ ಹಾಗೆ ಕಾಣುತ್ತದೆ. ಬಲೆ, ಹಗ್ಗ, ಬಾವುಟ ಎಲ್ಲ ಕಡೆಗೆ.

ಜನ ಬಂದು ನೋಡುತ್ತಾರೆ, ಹೆದರಬೇಡಿ. ನನ್ನ ದೋಣಿ ಬರೆ, ಅವನ ದೋಣಿ ಬರೆಯಬೇಡ ಅನ್ನುತ್ತಾರೆ, ಅಷ್ಟೇ.

ಕರಿಇಶಾಡ (ಅಂಕೋಲಾ)
ಅರಗಾ ಕಡೆ ನೌಕಾನೆಲೆ ಬೇಲಿ ಎದುರು ಮಾತ್ರ ಪುಸ್ತಕ ಬಿಚ್ಚಿ ಕೂರಬೇಡಿ. ಚಿತ್ರಕ್ಕಿಂತ ಮೊದಲು ವಿಚಾರಣೆ ಮುಗಿಸಬೇಕಾದೀತು.

ಹಳೇ ಮಾಸ್ತರು (ಕುಮಟಾ)
ಬೀಚಿಗೆ ಹೋದರೆ ಒಂದು ವಿಷಯ ಗಮನಿಸಿ. ಸಮುದ್ರ, ಆಕಾಶ ಸೇರುವ ಗೆರೆ ಯಾವಾಗಲೂ ನಿಮ್ಮ ಕಣ್ಣಿನ ಮಟ್ಟಕ್ಕೇ ಇರುತ್ತದೆ. ಮಟ್ಟಸ ಮರಳಿನಲ್ಲಿ ನಿಂತು ನೋಡಿದರೆ ಹತ್ತಿರದವರು, ದೂರದವರು ಎಲ್ಲರ ತಲೆಯೂ ಹೆಚ್ಚುಕಡಿಮೆ ಆ ಗೆರೆಗೇ ತಾಗುತ್ತದೆ. ದೂರದವರ ಕಾಲು ಮಾತ್ರ ಮೇಲೆ ಸರಿಯುತ್ತದೆ. ಅಲ್ಲೇ ಮರಳ ಮೇಲೆ ಕೂತುಬಿಡಿ, ಗೆರೆ ನಿಮ್ಮ ಜೊತೆಗೇ ಕೆಳಗೆ ಇಳಿಯುತ್ತದೆ, ಅದೇ ಜನರ ಸೊಂಟದ ಹತ್ತಿರ ಬರುತ್ತದೆ. ಸದಾಶಿವಗಡದ ಗುಡ್ಡ ಹತ್ತಿ, ಗೆರೆಯೂ ಹತ್ತುತ್ತದೆ, ಕೆಳಗಿನ ದೋಣಿಗಳೆಲ್ಲ ಅದರ ಕೆಳಗೆ. ಪರ್ಸ್ಪೆಕ್ಟಿವ್ ಅಂತ ಪುಸ್ತಕದಲ್ಲಿ ಓದಿ ತಲೆ ಕೆಡಿಸಿಕೊಳ್ಳುವುದಕ್ಕಿಂತ ಒಂದು ಸಂಜೆ ಅಲ್ಲಿ ಕೂತು, ನಿಂತು ನೋಡಿ. ಹೊಸಬರು ಬೀಚಿನ ಜನರನ್ನು ಬರೆಯುವಾಗ ದೂರದವರನ್ನು ಚಿಕ್ಕದು ಮಾಡಿ ಕೆಳಗೇ ನಿಲ್ಲಿಸುತ್ತಾರೆ. ಅವರು ಮರಳಿನಲ್ಲಿ ಹೂತುಹೋದ ಕುಳ್ಳರ ಹಾಗೆ ಕಾಣುತ್ತಾರೆ.

ಹೊನ್ನಾವರ ಪ್ಯಾಸೆಂಜರ್
ಇದನ್ನು ಶಾಲೆಯಲ್ಲಿ ಯಾರಾದರೂ ಹೀಗೆ ಹೇಳಿದ್ದರೆ ನಾನು ಡ್ರಾಯಿಂಗ್ ಬಿಡುತ್ತಿರಲಿಲ್ಲ.

ತೋಟದಮನೆ (ಶಿರಸಿ)
ಘಟ್ಟದ ಮೇಲಿನವರ ಮಾತೂ ಒಂದು ಇರಲಿ. ಸಾಮಾನು ಆನ್‌ಲೈನ್‌ನಿಂದಲೇ ಬರಬೇಕು ಅಂತೇನಿಲ್ಲ. ನಾನು ಚೊಗರಿನಲ್ಲಿ ಬರೆಯುತ್ತೇನೆ. ಹಸಿ ಅಡಿಕೆ ಸುಲಿದು ಬೇಯಿಸಿದಾಗ ಉಳಿಯುವ ಕೆಂಪು ನೀರು, ಕೆಂಪಡಿಕೆ ಮಾಡುವ ಮನೆಗಳಲ್ಲಿ ಹಂಡೆಗಟ್ಟಲೆ ಇರುತ್ತದೆ. ಸೋಸಿ, ಸಣ್ಣ ಉರಿಯಲ್ಲಿ ಇನ್ನಷ್ಟು ಕಾಯಿಸಿ ಮಂದ ಮಾಡಿದರೆ ಒಳ್ಳೆಯ ಕಂದು ಶಾಯಿ. ಒಂದೇ ಬಾಟಲಿಯಿಂದ ಎಲ್ಲ ಹದ ಸಿಗುತ್ತದೆ. ನೀರು ಜಾಸ್ತಿ ಹಾಕಿದರೆ ತೆಳು ಚಹಾದ ಬಣ್ಣ, ಹಾಗೇ ಹಚ್ಚಿದರೆ ಹಳೇ ಬಾಗಿಲಿನ ಕಂದು. ಒಣಗಿದ ಮೇಲೆ ಇನ್ನೊಂದು ಕೈ ಹಚ್ಚಿದರೆ ಮತ್ತೂ ಗಾಢ. ಬೆಳಕಿನ ಜಾಗ ಹಾಳೆಯ ಬಿಳಿಯೇ, ಅಲ್ಲಿ ಮುಟ್ಟಬಾರದು. ಬಣ್ಣ ಆರಿಸುವ ಗೊಂದಲ ಇಲ್ಲ, ಬೆಳಕು ನೆರಳಿನ ಲೆಕ್ಕ ಮಾತ್ರ. ವಾಟರ್ ಕಲರ್‌ಗೆ ಕೈ ಹಾಕುವ ಮುಂಚೆ ಇದರಲ್ಲಿ ಕುಂಚ ಪಳಗಿಸಿಕೊಂಡರೆ ಒಳ್ಳೆಯದು.

ಇನ್ನೊಂದು ಮಜಾ. ಸ್ವಲ್ಪ ಚೊಗರನ್ನು ಬೇರೆ ಬಾಟಲಿಗೆ ಹಾಕಿ ಅದರಲ್ಲಿ ತುಕ್ಕು ಹಿಡಿದ ಮೊಳೆ ನಾಲ್ಕು ಇಡಿ. ಕೆಲವು ದಿನಕ್ಕೆ ಕಂದು ಹೋಗಿ ಕಪ್ಪಾಗುತ್ತದೆ. ಚೊಗರಿನಲ್ಲಿರುವ ಟ್ಯಾನಿನ್‌ಗೆ ಕಬ್ಬಿಣ ಸೇರಿದರೆ ಹಾಗೆ. ಅಳಲೆಕಾಯಿ ಶಾಯಿಯ ಹಿಂದಿನ ಲೆಕ್ಕವೂ ಅದೇ. ಒಂದು ಕಂದು, ಒಂದು ಕಪ್ಪು, ಇಷ್ಟರಲ್ಲಿ ಇಡೀ ತೋಟ ಬರೆಯಬಹುದು. ಸಪುರ ಗೆರೆಗೆ ಬಿದಿರು ಕಡ್ಡಿ ಓರೆ ಕೊಯ್ದು ತುದಿ ಸೀಳಿದರೆ ಲೇಖನಿ ಆಯಿತು.

ಭಟ್ಕಳ ಮಲ್ಲಿಗೆ
ಅಯ್ಯೋ ಇದು ಗೊತ್ತೇ ಇರಲಿಲ್ಲ! ನೋಡಿ ಬಂಗಡೆಯವರೇ, ಮುಟ್ಟಿ ನೋಡಿ ಅಂದದ್ದು ಇದಕ್ಕೇ.

ಗಾಳಿಮರ (ದೇವಬಾಗ)
ಕೇಳಲು ಚೆನ್ನಾಗಿದೆ, ಆದರೆ ಕಬ್ಬಿಣ ಹಾಕಿದ ಶಾಯಿ ಹುಳಿ. ಕಾಲಾಂತರದಲ್ಲಿ ಹಾಳೆಯನ್ನೇ ತಿನ್ನುತ್ತದೆ, ಯುರೋಪಿನ ಹಳೇ ಹಸ್ತಪ್ರತಿಗಳಲ್ಲಿ ಅಕ್ಷರ ಇದ್ದ ಜಾಗವೇ ತೂತಾಗಿರುವುದು ಇಂಥ ಶಾಯಿಯಿಂದ. ಕಂದು ಚೊಗರು ಕೂಡ ಬೆಳಕಿಗೆ ಇಟ್ಟರೆ ಬಣ್ಣ ಬದಲಾಗದೆ ಇರುವುದಿಲ್ಲ. ಬಾಟಲಿಯಲ್ಲಿ ಬೂಸ್ಟು ಬೇರೆ ಬರುತ್ತದಲ್ಲ?

ತೋಟದಮನೆ (ಶಿರಸಿ)
ಬೂಸ್ಟು ಬರುತ್ತದೆ, ಎರಡು ಲವಂಗ ಹಾಕಿ ಫ್ರಿಜ್‌ನಲ್ಲಿ ಇಡುತ್ತೇನೆ. ಮನೆಯವರು ಕಷಾಯ ಅಂದುಕೊಳ್ಳದ ಹಾಗೆ ಚೀಟಿ ಅಂಟಿಸಬೇಕು. ನೂರು ವರ್ಷ ಉಳಿಯಬೇಕಾದ ಚಿತ್ರ ನಾನು ಬರೆಯುತ್ತಿಲ್ಲ ಮಾರಾಯ್ರೆ, ಕಲಿಯುವವರೂ ಆ ಚಿಂತೆ ಮಾಡಬೇಕಾಗಿಲ್ಲ.

ಸಿದ್ದಾಪುರ ಸೀಮೆ
ಚೊಗರು ಬಂತು ಅಂದಮೇಲೆ ಚಿತ್ತಾರವೂ ಬರಲಿ. ನಮ್ಮ ಕಡೆ ದೀವರ ಮನೆಗಳಲ್ಲಿ ಹಸೆ ಚಿತ್ತಾರ ಬರೆಯುವ ಹೆಂಗಸರ ಸಾಮಾನು ನೋಡಿ: ಗೋಡೆಗೆ ಕೆಮ್ಮಣ್ಣು, ಬಿಳಿಗೆ ಅಕ್ಕಿ ಅರೆದದ್ದು, ಕಪ್ಪಿಗೆ ಅಕ್ಕಿ ಹುರಿದು ಕರಕು ಮಾಡಿದ್ದು, ಹಳದಿಗೆ ಗುರಿಗೆ ಕಾಯಿ. ಕುಂಚ ಪುಂಡಿ ನಾರಿನದು. ನಾನು ಆ ನಾರಿನ ಕುಂಚ ಹಿಡಿದು ನೋಡಿದ್ದೇನೆ. ಒಂದು ಸಲ ಅದ್ದಿದರೆ ಬಣ್ಣ ಜಾಸ್ತಿ ಹಿಡಿಯುವುದಿಲ್ಲ, ಚೋಟುದ್ದದ ಗೆರೆಗೆ ಖಾಲಿ. ಮತ್ತೆ ಅದ್ದಿ, ಬಿಟ್ಟಲ್ಲಿಂದಲೇ ಹಿಡಿಯಬೇಕು, ಜೋಡು ಕಾಣಬಾರದು. ಅವರು ಮಾತಾಡುತ್ತ, ಹಾಡುತ್ತ ಸ್ಕೇಲಿಲ್ಲದೆ ಎಳೆಯುತ್ತಾರೆ. ಭೂಮಿ ಹುಣ್ಣಿಮೆಗೆ ಬುಟ್ಟಿಯ ಮೇಲೂ ಬರೆಯುತ್ತಾರೆ, ಅಲ್ಲಂತೂ ಮೈಯೇ ಉರುಟು. ಗೆರೆ ಕಲಿಯಬೇಕು ಅನ್ನುವವರು ಹುಣ್ಣಿಮೆ ಹತ್ತಿರ ಬಂದಾಗ ಹೋಗಿ ಪಕ್ಕದಲ್ಲಿ ಕೂತು ನೋಡಲಿ. ಕೇಳಿದರೆ ಹೇಳಿಕೊಡುತ್ತಾರೆ, ಕಾಫಿಯೂ ಕೊಡುತ್ತಾರೆ.

ಹೊನ್ನಾವರ ಪ್ಯಾಸೆಂಜರ್
ಕೆಮ್ಮಣ್ಣನ್ನು ಹಾಳೆಗೂ ಹಚ್ಚಬಹುದಾ?

ಸಿದ್ದಾಪುರ ಸೀಮೆ
ಹಚ್ಚಬಹುದು. ನೀರಲ್ಲಿ ಕದಡಿ, ಮರಳು ತಳಕ್ಕೆ ಇಳಿದ ಮೇಲೆ ಮೇಲಿನ ಕೆಂಪು ನೀರನ್ನು ಬಗ್ಗಿಸಿಕೊಂಡು, ಅದು ತಂಗಿ ಸಿಕ್ಕ ನುಣ್ಣನೆ ಮಣ್ಣಿಗೆ ಗೋಂದು ಸೇರಿಸಬೇಕು. ಗೋಂದು ಹಾಕದಿದ್ದರೆ ಒಣಗಿದ ಮೇಲೆ ಉದುರುತ್ತದೆ.

ಕಾಳಿದಂಡೆ (ಕಾರವಾರ)
ಇಷ್ಟೊಂದು ಉತ್ತರ ಬರುತ್ತದೆ ಅಂದುಕೊಂಡಿರಲಿಲ್ಲ. 6ಬಿ ತಂದೆ, ಮಾಸ್ತರು ಹೇಳಿದ ಹಾಗೆ ತೆಂಗಿನಕಾಯಿ ಇಟ್ಟು ಬರೆದೆ. ಹೊಳಪು ಪೂರ್ತಿ ಹೋಗಿಲ್ಲ, ಕಪ್ಪು ಮಾತ್ರ ಬಂತು. ಕಾಯಿಯ ನೆರಳು ಮೇಜಿಗೆ ತಾಗುವ ಜಾಗ ಅಷ್ಟು ಕಪ್ಪಿರುತ್ತದೆ ಅಂತ 6ಬಿ ಹಿಡಿದ ಮೇಲೆಯೇ ಕಂಡದ್ದು. ಸದ್ಯಕ್ಕೆ ಮಳೆ ಮುಗಿಯುವವರೆಗೆ ಪೆನ್ಸಿಲ್ ಮತ್ತು ಬಂಗಡೆಯವರ ಬಾಲ್ ಪೆನ್ನು. ಇದ್ದಿಲನ್ನು ಹಳೇ ಪ್ಯಾಡ್ ಮೇಲೆ, ಫ್ಯಾನ್ ಕೆಳಗೆ ಕೂತು. ವಾಟರ್ ಕಲರ್ ಅಕ್ಟೋಬರ್‌ಗೆ.

ಬೈತಖೋಲ್ ಬಂಗಡೆ
ಮೊದಲ ಉತ್ತರ ಯಾರದಾಗಿತ್ತು ಅಂತ ಎಲ್ಲರೂ ಒಮ್ಮೆ ಮೇಲೆ ಹೋಗಿ ನೋಡಿ ಬನ್ನಿ.

ಹಳೇ ಮಾಸ್ತರು (ಕುಮಟಾ)
ನೆರಳಿನ ಜಾಗ ಕಂಡಿತಲ್ಲ ತಂಗಿ, ಒಳ್ಳೆಯದು. ಈಗ ಹೊಳಪಿಗೆ: ಅತಿ ಕಪ್ಪು ಬೇಕಾದಲ್ಲಿ ಮಾತ್ರ ಚಾರ್ಕೋಲ್ ಪೆನ್ಸಿಲ್ ತಾಗಿಸಿ. ಮೊದಲು ಚಾರ್ಕೋಲ್, ಆಮೇಲೆ ಸುತ್ತಲೂ ಗ್ರಾಫೈಟ್. ತಿರುಗಾ ಮುರುಗಾ ಮಾಡಿದರೆ ಗ್ರಾಫೈಟ್ ಮೇಲೆ ಚಾರ್ಕೋಲ್ ಜಾರುತ್ತದೆ, ಹಿಡಿಯುವುದಿಲ್ಲ.

ಕಾಳಿದಂಡೆ (ಕಾರವಾರ)
ಸರಿ ಮಾಸ್ತರೇ. ತೋಟದಮನೆಯವರೇ, ಒಂದು ಚಿಕ್ಕ ಬಾಟಲಿ ಚೊಗರು ಸಿಗಬಹುದಾ? ದುಡ್ಡು ಕಳಿಸುತ್ತೇನೆ.

ತೋಟದಮನೆ (ಶಿರಸಿ)
ಚೊಗರಿಗೆ ಎಂಥಾ ದುಡ್ಡು. ಹೋದ ಕೊಯ್ಲಿನದು ಒಂದು ಸೀಸೆ ಉಳಿದಿದೆ. ಶಿರಸಿಯಿಂದ ಕಾರವಾರಕ್ಕೆ ಬರುವವರ ಕೈಲಿ ಕಳಿಸುತ್ತೇನೆ, ಬಸ್ ಸ್ಟ್ಯಾಂಡಿನಲ್ಲಿ ಇಸಿದುಕೊಳ್ಳಿ. ಬಿಳಿ ಚೂಡಿದಾರ ಹಾಕಿಕೊಂಡು ಮಾತ್ರ ಬರಬೇಡಿ. ಮುಚ್ಚಳ ಎಷ್ಟು ಬಿಗಿ ಮಾಡಿದರೂ ದೇವಿಮನೆ ಘಟ್ಟದ ತಿರುವಿನಲ್ಲಿ ಏನಾಗುತ್ತದೋ ಹೇಳಲಾಗುವುದಿಲ್ಲ.

ಸೋಂದಾ ಸೂಜಿಮಲ್ಲಿಗೆ
ತರುವವರ ಬ್ಯಾಗಿನ ಗತಿ?

ತೋಟದಮನೆ (ಶಿರಸಿ)
ತರುವವರು ಅಡಿಕೆ ಮನೆಯವರೇ, ಅವರ ಬ್ಯಾಗಿಗೆ ಚೊಗರಿನ ಕಲೆ ಹೊಸತಲ್ಲ.